ಜೇನುಪೆಟ್ಟಿಗೆ ಕೊಳ್ಳುವ ಮೊದಲು: ನಗರದ ತೋಟಗಳಲ್ಲಿ ದೇಸಿ ಜೇನುನೊಣಗಳಿಗೆ ನೆಲೆ ಒದಗಿಸುವ ವಿದ್ಯಾರ್ಥಿ ತಂಡಗಳಿಗೆ ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕದಲ್ಲಾಗಲಿ, ಶಾಲೆಯ ಪರಿಸರ ಸಂಘದಲ್ಲಾಗಲಿ ಜೇನುನೊಣಗಳಿಗಾಗಿ ಏನಾದರೂ ಮಾಡಬೇಕೆಂಬ ಮಾತು ಬಂದಾಗ ಮೊದಲು ಕೇಳಿಬರುವ ಸಲಹೆ, ಒಂದೆರಡು ಜೇನುಪೆಟ್ಟಿಗೆಗಳನ್ನು ತಂದು ಇಡೋಣ ಎಂಬುದು. ಸಲಹೆಯ ಹಿಂದಿನ ಪ್ರೀತಿ ನಿಜವಾದದ್ದೇ. ಆದರೆ ಭಾರತದಲ್ಲಿ ಈವರೆಗೆ ಗುರುತಿಸಲಾಗಿರುವ 700ಕ್ಕೂ ಹೆಚ್ಚು ಬಗೆಯ ಜೇನುನೊಣಗಳಲ್ಲಿ ಪೆಟ್ಟಿಗೆಯೊಳಗೆ ಬಾಳುವವು ಬೆರಳೆಣಿಕೆಯಷ್ಟು ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ. ಅವುಗಳಲ್ಲಿ ರಾಣಿಯಿಲ್ಲ, ಆಳುಗಳಿಲ್ಲ, ತೆಗೆದುಕೊಳ್ಳಲು ತುಪ್ಪವೂ ಇಲ್ಲ. ಒಂದೊಂದು ಹೆಣ್ಣುನೊಣವೂ ಬರಿಯ ನೆಲದಲ್ಲೋ ಒಣಗಿದ ಕಡ್ಡಿಯಲ್ಲೋ ತಾನೇ ಗೂಡು ಕೊರೆದು, ಪರಾಗವನ್ನು ಉಂಡೆ ಕಟ್ಟಿ, ಅದರ ಮೇಲೆ ಒಂದು ಮೊಟ್ಟೆಯನ್ನಿಟ್ಟು, ಬಾಗಿಲು ಮುಚ್ಚಿ ಮುಂದಿನ ಕೋಣೆಗೆ ಹೋಗುತ್ತದೆ. ಇವುಗಳಿಗೆ ಬೇಕಾದದ್ದು ಹೂವು, ಅಗೆಯದೆ ಬಿಟ್ಟ ತುಸು ನೆಲ, ಕತ್ತರಿಸಿ ಎಸೆಯದೆ ಉಳಿಸಿದ ಕೆಲವು ಕಡ್ಡಿಗಳು ಮತ್ತು ವಿಷವಿಲ್ಲದ ಗಾಳಿ. ಇವೆಲ್ಲವನ್ನೂ ವಿದ್ಯಾರ್ಥಿಗಳ ತಂಡವೊಂದು ಹೆಚ್ಚು ಹಣವಿಲ್ಲದೆ ಒದಗಿಸಬಲ್ಲದು.

ಈ ಮಾರ್ಗದರ್ಶಿಯನ್ನು ಬೆಂಗಳೂರಿನ ಹವೆ ಮತ್ತು ಹೂಕಾಲವನ್ನು ಗಮನದಲ್ಲಿಟ್ಟು ಬರೆಯಲಾಗಿದೆ. ಮೈಸೂರು, ತುಮಕೂರು, ಹಾಸನದ ಓದುಗರು ಇದನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅನುಸರಿಸಬಹುದು. ಮಳೆ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನವರು ಬಿತ್ತನೆಯ ತಿಂಗಳುಗಳನ್ನು ತಮ್ಮ ಊರಿನ ಮಳೆಗೆ ಹೊಂದಿಸಿಕೊಳ್ಳಬೇಕು.

ಮೊದಲ ಹಂತ: ಎರಡು ತಿಂಗಳು ನೋಡುವುದು

ತಂಡವು ಗುದ್ದಲಿ ಹಿಡಿಯುವ ಮೊದಲು ಆವರಣವನ್ನು ಎರಡು ತಿಂಗಳ ಕಾಲ ನೋಡಬೇಕು. ಇದು ಬೇಸರ ತರಿಸುವ ಸಲಹೆಯೆಂದು ಕಾಣಬಹುದು. ಆದರೆ ಈಗಾಗಲೇ ಅಲ್ಲಿ ಬಾಳುತ್ತಿರುವ ನೊಣಗಳ ಗೂಡುಗಳನ್ನು ಅರಿಯದೆ ಅಗೆದು ಹೊಸ ತೋಟ ಮಾಡಿದರೆ ನಷ್ಟವೇ ಹೆಚ್ಚು. ಆವರಣದ ಸರಳವಾದ ನಕ್ಷೆಯೊಂದನ್ನು ಬರೆದು, ಯಾವ ಗಿಡ ಎಲ್ಲಿದೆ, ಬಿಸಿಲು ಎಲ್ಲಿ ಬೀಳುತ್ತದೆ, ಬರಿಯ ಮಣ್ಣು ಎಲ್ಲಿ ಉಳಿದಿದೆ, ಗೋಡೆಯ ಬಿರುಕುಗಳಲ್ಲಿ ನೊಣಗಳ ಓಡಾಟ ಎಲ್ಲಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗಿನ ಬಿಸಿಲು ಈ ಕೆಲಸಕ್ಕೆ ಒಳ್ಳೆಯದು.

ಎಣಿಕೆಗೆ ಒಂದು ನಿಯಮವನ್ನು ಮಾಡಿಕೊಂಡು ಅದನ್ನು ಬದಲಿಸದೆ ಪಾಲಿಸಬೇಕು. ಹೂವಿರುವ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗವನ್ನು ದಾರದಿಂದ ಗುರುತಿಸಿ, ಇಬ್ಬರು ವಿದ್ಯಾರ್ಥಿಗಳು ಹತ್ತು ನಿಮಿಷ ಅಲುಗಾಡದೆ ನಿಂತು, ಹೂವಿನ ಮೇಲೆ ಬಂದು ಕುಳಿತ ನೊಣಗಳನ್ನು ಗುಂಪಿನ ಹೆಸರಿನಲ್ಲಿ ಬರೆದುಕೊಳ್ಳಬೇಕು. ಒಬ್ಬರು ನೋಡಿ ಹೇಳಿದರೆ ಇನ್ನೊಬ್ಬರು ಬರೆಯುತ್ತಾರೆ. ದಿನಾಂಕ, ಸಮಯ, ಬಿಸಿಲೋ ಮೋಡವೋ, ಗಾಳಿಯಿತ್ತೋ ಇಲ್ಲವೋ, ಯಾವ ಹೂವು ಎಂಬ ವಿವರಗಳು ಅದೇ ಸಾಲಿನಲ್ಲಿರಲಿ. ಒಂದೂ ನೊಣ ಬಾರದ ದಿನವನ್ನು ಬರೆಯದೆ ಬಿಡುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಸೊನ್ನೆಯೂ ಒಂದು ಮಾಹಿತಿಯೇ; ಅದನ್ನು ಬಿಟ್ಟರೆ ವರ್ಷದ ಕೊನೆಯಲ್ಲಿ ಲೆಕ್ಕವೆಲ್ಲ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ನೊಣಗಳನ್ನು ಬಲೆ ಹಾಕಿ ಹಿಡಿಯುವುದು, ಸೀಸೆಯಲ್ಲಿ ಕೊಂದು ಸಂಗ್ರಹಿಸುವುದು ಈ ಕೆಲಸದಲ್ಲಿ ಬೇಡ. ಮೊಬೈಲ್‌ನಲ್ಲಿ ತೆಗೆದ ಸ್ಪಷ್ಟ ಚಿತ್ರಗಳನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ.

ಎರಡನೆಯ ಹಂತ: ಗುಂಪುಗಳನ್ನು ಗುರುತಿಸಲು ಕಲಿಯುವುದು

ಪ್ರಭೇದದ ಹೆಸರು ಹೇಳಲು ತಜ್ಞರಿಗೂ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಸ್ವಯಂಸೇವಕರಿಗೆ ಎಂಟು ಗುಂಪುಗಳನ್ನು ಗುರುತಿಸಲು ಬಂದರೆ ಸಾಕು, ಮತ್ತು ಅದನ್ನು ಎರಡು ವಾರಗಳಲ್ಲಿ ಕಲಿಯಬಹುದು. ಮೊದಲು ರೆಕ್ಕೆಯನ್ನು ನೋಡಬೇಕು: ಜೇನುನೊಣಕ್ಕೆ ನಾಲ್ಕು ರೆಕ್ಕೆ, ಜೇನಿನಂತೆಯೇ ಪಟ್ಟೆಗಳಿರುವ ಹೂನೊಣಗಳಿಗೆ ಎರಡೇ ರೆಕ್ಕೆ, ತುಂಬ ದೊಡ್ಡ ಕಣ್ಣು, ಗಿಡ್ಡ ಮೀಸೆ.

ತುಪ್ಪ ಕೂಡಿಡುವ ನಾಲ್ಕು ನಮ್ಮವರಿಗೆ ಪರಿಚಿತವೇ. ಎತ್ತರದ ಕಟ್ಟಡಗಳಿಗೆ, ನೀರಿನ ಟ್ಯಾಂಕಿನ ಅಡಿಗೆ ಒಂದೇ ದೊಡ್ಡ ತಟ್ಟಿಯನ್ನು ಕಟ್ಟುವುದು ಹೆಜ್ಜೇನು. ಪೊಟರೆಗಳಲ್ಲಿ ಹಲವು ತಟ್ಟಿಗಳನ್ನು ಕಟ್ಟುವುದು ತುಡುವೆ. ಪೊದೆಯ ಕೊಂಬೆಗೆ ಅಂಗೈಯಗಲದ ತಟ್ಟಿ ಕಟ್ಟುವುದು ಕೋಲುಜೇನು. ಗೋಡೆಯ ಸಂದಿಯಲ್ಲಿ ಸೇರಿಕೊಂಡು, ಬಾಗಿಲಿಗೆ ಮೇಣ ಮತ್ತು ಅಂಟಿನ ಪುಟ್ಟ ಕೊಳವೆಯನ್ನು ಕಟ್ಟುವ, ಚುಚ್ಚಲು ಕೊಂಡಿಯೇ ಇಲ್ಲದ ಕಪ್ಪು ನೊಣ ಮುಜಂಟಿ. ಇದನ್ನು ಕೆಲವೆಡೆ ಮಿಸರಿ ಎನ್ನುತ್ತಾರೆ. ಇನ್ನು ಒಂಟಿ ಜೇನುಗಳು. ಗುಂಯ್‌ಗುಡುತ್ತ ಬರುವ, ಹೆಬ್ಬೆರಳ ಗಾತ್ರದ ಕಪ್ಪು ನೊಣ ಮರ ಕೊರೆಯುವ ಬಡಗಿ ಜೇನು. ನಮ್ಮ ಕಾವ್ಯಗಳ ದುಂಬಿ ಬಹುಮಟ್ಟಿಗೆ ಇದೇ ಇರಬೇಕು ಎಂಬುದು ನನ್ನ ಊಹೆ. ಗುಲಾಬಿಯ ಎಲೆಯ ಅಂಚನ್ನು ನಾಣ್ಯದಂತೆ ದುಂಡಗೆ ಕತ್ತರಿಸಿ ಒಯ್ಯುವುದು ಎಲೆಕತ್ತರಿ ಜೇನು. ಇದು ಪರಾಗವನ್ನು ಕಾಲಿನಲ್ಲಿ ಒಯ್ಯದೆ ಹೊಟ್ಟೆಯ ಅಡಿಯ ಕೂದಲಿನಲ್ಲಿ ಒಯ್ಯುತ್ತದೆ. ಮಿರುಗುವ ಹಸಿರಿನ, ಮೈಮೇಲೆ ಕೂದಲೇ ಇಲ್ಲದಂತೆ ಕಾಣುವ ಸಣ್ಣ ನೊಣ ಕಡ್ಡಿಯೊಳಗೆ ಬಾಳುವ ಕಿರುಬಡಗಿ.

ಎಂಟನೆಯದು ನೀಲಿ ಪಟ್ಟೆಯ ಜೇನು. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುತ್ತವೆ. ತುಂಬೆ, ತುಳಸಿ, ಬದನೆಯ ಹೂಗಳ ಮುಂದೆ ಗಾಳಿಯಲ್ಲೇ ತಡೆದು ನಿಂತು ಸರ್ರನೆ ಮತ್ತೊಂದು ಹೂವಿಗೆ ಹಾರುತ್ತದೆ. ಬದನೆ, ಟೊಮೇಟೊ ಹೂಗಳ ಪರಾಗಕೋಶಗಳು ತುದಿಯ ಸಣ್ಣ ರಂಧ್ರದ ಮೂಲಕವಷ್ಟೇ ಪರಾಗವನ್ನು ಬಿಡುತ್ತವೆ. ನೀಲಿ ಪಟ್ಟೆಯ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ, ಪರಾಗವನ್ನು ಉದುರಿಸಿಕೊಳ್ಳುತ್ತದೆ. ಬಡಗಿ ಜೇನಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯ ಜೇನಿಗೆ ಇದು ಬರುವುದಿಲ್ಲ. ಭೌತಶಾಸ್ತ್ರ ಪ್ರಯೋಗಾಲಯದಿಂದ ಒಂದು ಶ್ರುತಿಕವೆಯನ್ನು ತಂದು, ರಬ್ಬರಿಗೆ ಬಡಿದು, ಕಂಪಿಸುತ್ತಿರುವಾಗಲೇ ಅರಳಿದ ಬದನೆ ಹೂವಿನ ಹಳದಿ ಕೋಶಗಳಿಗೆ ಮೆಲ್ಲನೆ ತಾಗಿಸಿ, ಕೆಳಗೆ ಕಪ್ಪು ಕಾಗದವನ್ನು ಹಿಡಿದರೆ ಪರಾಗ ಪುಡಿಯಾಗಿ ಉದುರುವುದನ್ನು ಎಲ್ಲರೂ ಕಣ್ಣಾರೆ ನೋಡಬಹುದು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಉಪನ್ಯಾಸಕ್ಕಿಂತ ಮೊದಲು ಈ ಪ್ರಯೋಗವನ್ನು ತೋರಿಸಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಮೈಮೇಲೆ ಪಟ್ಟೆಗಳ ಬದಲು ನೀಲಿ ಚುಕ್ಕೆಗಳಿರುವ ಇನ್ನೊಂದು ಜೇನು ಕಂಡರೆ ಸಂತೋಷಪಡಬೇಕು. ಅದು ಕೋಗಿಲೆಯಂತೆ ನೀಲಿ ಪಟ್ಟೆಯ ಜೇನಿನ ಗೂಡಿನಲ್ಲಿ ತನ್ನ ಮೊಟ್ಟೆಯಿಡುವ ನೊಣ. ಅದು ಅಲ್ಲಿ ಸುಳಿದಾಡುತ್ತಿದೆಯೆಂದರೆ ಹತ್ತಿರದಲ್ಲೇ ನೀಲಿ ಪಟ್ಟೆಯವುಗಳ ಗೂಡುಗಳಿವೆ ಎಂದರ್ಥ.

ಮೂರನೆಯ ಹಂತ: ನೆಲವನ್ನು ಉಳಿಸುವುದು

ಒಂಟಿ ಜೇನುಗಳಲ್ಲಿ ಬಹುಪಾಲು ಮಣ್ಣಿನಲ್ಲಿ ಗೂಡು ಮಾಡುತ್ತವೆ. ನಗರದಲ್ಲಿ ಹೂವಿಗಿಂತ ಹೆಚ್ಚು ಅಭಾವವಿರುವುದು ಇಂಥ ನೆಲಕ್ಕೆ: ಕಾಲುದಾರಿಗೆ ಇಂಟರ್‌ಲಾಕ್ ಕಲ್ಲು, ಮರದ ಬುಡಕ್ಕೆ ಸಿಮೆಂಟು, ಉಳಿದ ಜಾಗಕ್ಕೆ ಹುಲ್ಲುಹಾಸು. ಆದ್ದರಿಂದ ತೋಟದ ಅತ್ಯಂತ ಮುಖ್ಯ ಭಾಗವೆಂದರೆ ಏನನ್ನೂ ನೆಡದ ಭಾಗ.

ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ, ಜನರು ತುಳಿಯದ ಎರಡು-ಮೂರು ಜಾಗಗಳನ್ನು ಆರಿಸಿ, ಒಂದೊಂದನ್ನೂ ಕನಿಷ್ಠ ಒಂದು ಚದರ ಮೀಟರಿನಷ್ಟು ಬಿಡಬೇಕು. ತುಸು ಇಳಿಜಾರಾಗಿದ್ದರೆ ಇನ್ನೂ ಒಳ್ಳೆಯದು. ಆ ಜಾಗಕ್ಕೆ ಗೊಬ್ಬರ, ತರಗೆಲೆಯ ಹೊದಿಕೆ, ಪ್ಲಾಸ್ಟಿಕ್ ಹಾಳೆ ಯಾವುದೂ ಬೇಡ; ಕಳೆ ದಟ್ಟವಾದರೆ ಅಗೆಯದೆ ಕೈಯಿಂದ ಕತ್ತರಿಸಿದರೆ ಸಾಕು. ಸುತ್ತ ನಾಲ್ಕು ಗೂಟ ನೆಟ್ಟು ದಾರ ಕಟ್ಟಿ, ‘ಇಲ್ಲಿ ಜೇನುನೊಣಗಳ ಗೂಡುಗಳಿವೆ, ದಯವಿಟ್ಟು ಅಗೆಯಬೇಡಿ, ಗುಡಿಸಬೇಡಿ’ ಎಂಬ ಫಲಕವನ್ನು ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಪೆನ್ಸಿಲ್ ಗಾತ್ರದ ತೂತುಗಳು, ಅವುಗಳ ಸುತ್ತ ಪುಡಿಮಣ್ಣಿನ ಸಣ್ಣ ಗುಡ್ಡೆಗಳು ಕಂಡರೆ ಕೆಲಸ ಫಲಿಸಿದೆ ಎಂದು ತಿಳಿಯಬಹುದು.

ಫಲಕದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಜೊತೆಗಿದ್ದ ತಂಡವೊಂದು ಒಂದು ಮಳೆಗಾಲವಿಡೀ ಕಾಯ್ದುಕೊಂಡಿದ್ದ ಇಂಥ ಜಾಗವನ್ನು, ಅದೇ ಘಟಕದ ಬೇರೆ ವಿದ್ಯಾರ್ಥಿಗಳು ಶ್ರಮದಾನದ ದಿನ ಶ್ರದ್ಧೆಯಿಂದ ಕೆರೆದು, ಗುಡಿಸಿ, ಸುಣ್ಣದ ಪುಡಿ ಹಾಕಿ ಸ್ವಚ್ಛ ಮಾಡಿಬಿಟ್ಟರು. ತಪ್ಪು ಅವರದಲ್ಲ, ಅವರಿಗೆ ಹೇಳುವ ಕೆಲಸವನ್ನು ನಾವು ಮಾಡಿರಲಿಲ್ಲ. ಸ್ವಚ್ಛತಾ ಕಾರ್ಯಕ್ರಮದ ಹಿಂದಿನ ದಿನ ನಕ್ಷೆಯನ್ನು ಎಲ್ಲರಿಗೂ ತೋರಿಸುವುದು, ದಿನವೂ ತೋಟ ನೋಡಿಕೊಳ್ಳುವ ಮಾಲಿಯವರೊಡನೆ ಮೊದಲೇ ಕುಳಿತು ಮಾತನಾಡುವುದು ಈ ಹಂತದ ಭಾಗವೇ ಆಗಿದೆ. ಮಾಲಿಯವರಿಗೆ ಆವರಣದ ಹುಳುಹುಪ್ಪಟೆಗಳ ಬಗ್ಗೆ ತಿಳಿದಿರುವಷ್ಟು ನಮ್ಮಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಅವರನ್ನು ಕೇಳಿಯೇ ಜಾಗವನ್ನು ಆರಿಸಿದರೆ ಆ ಜಾಗ ಉಳಿಯುತ್ತದೆ.

ನೀಲಿ ಪಟ್ಟೆಯ ಜೇನುಗಳು ಮಣ್ಣಿನ ದಿಬ್ಬ, ಹಳೆಯ ಮಣ್ಣುಗೋಡೆಗಳಲ್ಲಿಯೂ ಗೂಡು ಮಾಡುತ್ತವೆ. ಇವುಗಳಿಗಾಗಿ ಜೇಡಿಮಣ್ಣಿಗೆ ಮರಳು ಬೆರೆಸಿ, ಒಡೆದ ಕುಂಡದಲ್ಲಿ ಒತ್ತಿ ತುಂಬಿ, ಅರೆ ಒಣಗಿದಾಗ ಪೆನ್ಸಿಲಿನಿಂದ ಎರಡು-ಮೂರು ಸೆಂಟಿಮೀಟರ್ ಆಳದ ಕೆಲವು ತೂತುಗಳನ್ನು ಮಾಡಿ, ಮಳೆ ತಾಗದ ಸೂರಿನ ಅಡಿಯಲ್ಲಿ ಅಡ್ಡಲಾಗಿ ಇರಿಸಬಹುದು. ಒಣಗಿದ ಮಣ್ಣನ್ನು ಉಗುರಿನಿಂದ ಗೀಚಿದರೆ ಪುಡಿ ಬರಬೇಕು. ಇಟ್ಟಿಗೆಯಂತೆ ಗಟ್ಟಿಯಾದರೆ ಮರಳು ಕಡಿಮೆಯಾಗಿದೆ ಎಂದು ತಿಳಿದು ಮತ್ತೆ ಕಲಸಬೇಕು.

ನಾಲ್ಕನೆಯ ಹಂತ: ಕಡ್ಡಿಗಳು ಮತ್ತು ಕೊಳವೆಗಳು

ರತ್ನಗಂಧಿ, ಗುಲಾಬಿ, ಲಂಟಾನದಂತಹ ಗಿಡಗಳ ಕಡ್ಡಿಯ ನಡುವೆ ಮೆತ್ತನೆಯ ತಿರುಳಿರುತ್ತದೆ. ಕಿರುಬಡಗಿ ಜೇನು ಈ ತಿರುಳನ್ನು ಕೊರೆದು ಗೂಡು ಮಾಡುತ್ತದೆ. ಆದರೆ ಗಟ್ಟಿ ತೊಗಟೆಯನ್ನು ಕೊರೆಯಲಾರದ ಕಾರಣ ಅದಕ್ಕೆ ಕತ್ತರಿಸಿದ ಅಥವಾ ಮುರಿದ ತುದಿ ಬೇಕು. ಗಿಡ ಸವರುವಾಗ ಮೊಳದುದ್ದದ ಒಣ ಕಡ್ಡಿಗಳನ್ನು ಗಿಡದಲ್ಲೇ ಬಿಡಬಹುದು, ಇಲ್ಲವೇ ಇಪ್ಪತ್ತು-ಮೂವತ್ತು ಕಡ್ಡಿಗಳನ್ನು ಕಟ್ಟಾಗಿ ಕಟ್ಟಿ ಪೊದೆಯ ನಡುವೆ ಇಡಬಹುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಎಲೆಕತ್ತರಿ ಜೇನುಗಳಿಗೆ ಟೊಳ್ಳು ಕೊಳವೆಗಳು ಬೇಕು. ಸಣ್ಣ ಬಿದಿರು ಅಥವಾ ಮಲೆನಾಡಿನವರು ವಾಟೆ ಎನ್ನುವ ತೆಳು ಬಿದಿರನ್ನು, ಒಂದು ತುದಿಯಲ್ಲಿ ಗಿಣ್ಣು ಉಳಿಯುವಂತೆ ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, 4ರಿಂದ 10 ಮಿಲಿಮೀಟರ್‌ವರೆಗಿನ ಬೇರೆ ಬೇರೆ ಒಳಗಾತ್ರದವನ್ನು ಬೆರೆಸಿ ಕಟ್ಟು ಕಟ್ಟಬೇಕು. ಬಾಯಿಯನ್ನು ಮರಳುಕಾಗದದಿಂದ ಉಜ್ಜಿ ಸೀಳು ಇಲ್ಲದಂತೆ ಮಾಡದಿದ್ದರೆ ನೊಣದ ರೆಕ್ಕೆ ಹರಿಯುತ್ತದೆ. ಎದೆಮಟ್ಟದಲ್ಲಿ, ಪೂರ್ವಕ್ಕೆ ಮುಖಮಾಡಿ, ಮಳೆ ಹೊಡೆಯದ ಕಡೆ ಅಲುಗದಂತೆ ಬಿಗಿಯಬೇಕು. ಇರುವೆ ಹತ್ತದಂತೆ ಕಟ್ಟಿದ ತಂತಿಗೆ ಗ್ರೀಸ್ ಸವರಬೇಕು. ಅಂಗಡಿಯಲ್ಲಿ ಸಿಗುವ ಬೃಹತ್ತಾದ ‘ಜೇನು ಹೋಟೆಲ್’ಗಳನ್ನು ನಾನು ಶಿಫಾರಸು ಮಾಡುವುದಿಲ್ಲ, ನೂರಾರು ಗೂಡುಗಳು ಒಂದೆಡೆ ಸೇರಿದರೆ ಬೂಷ್ಟು, ಪರತಂತ್ರ ಕೀಟಗಳು ಸುಲಭವಾಗಿ ಹರಡುತ್ತವೆ. ಇಪ್ಪತ್ತು ಕೊಳವೆಗಳ ಸಣ್ಣ ಕಟ್ಟುಗಳನ್ನು ಐದಾರು ಕಡೆ ಹಂಚಿಡುವುದು ಮೇಲು. ಎಲೆಯ ಮುಚ್ಚಳ ಕಂಡ ಕೊಳವೆಯನ್ನು ಒಡೆದು ನೋಡಬಾರದು. ನೊಣ ಹೊರಬಂದು ಖಾಲಿಯಾದ ಕೊಳವೆಗಳನ್ನು ವರ್ಷಕ್ಕೊಮ್ಮೆ ತೆಗೆದು ಹೊಸದನ್ನು ಇಡಬೇಕು. ಮಣ್ಣಿನ ಮುಚ್ಚಳ ಕಂಡರೆ ಅದು ಕಣಜದ ಗೂಡಾಗಿರಬಹುದು. ಒಂಟಿ ಕಣಜಗಳೂ ತೋಟದ ಹುಳುಗಳನ್ನು ಹಿಡಿಯುವ ಉಪಕಾರಿಗಳೇ, ಇರಲಿ ಬಿಡಿ.

ಬಡಗಿ ಜೇನಿಗೆ ಗಾಳಿಮಳೆಗೆ ಬಿದ್ದ ಒಣಮರದ ತುಂಡು ಅಥವಾ ದಪ್ಪ ಬಿದಿರು ಸಾಕು. ಸಂಜೆ ಆರು ಗಂಟೆಯ ಹೊತ್ತಿಗೆ ಒಣಕಡ್ಡಿಗಳನ್ನು ನಿಧಾನವಾಗಿ ನೋಡುತ್ತ ಬಂದರೆ, ನೀಲಿ ಪಟ್ಟೆಯ ಗಂಡುನೊಣಗಳು ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಸಾಲಾಗಿ ನಿದ್ದೆ ಮಾಡುತ್ತಿರುವುದು ಕಾಣಸಿಗಬಹುದು. ಅಂಥ ಕಡ್ಡಿಗೆ ಕೆಂಪು ದಾರ ಕಟ್ಟಿ ಯಾರೂ ಕತ್ತರಿಸದಂತೆ ನೋಡಿಕೊಳ್ಳಬೇಕು.

ಐದನೆಯ ಹಂತ: ವರ್ಷವಿಡೀ ಹೂವು

ಬೆಂಗಳೂರಿನಲ್ಲಿ ಬೇಸಿಗೆಯ ಹೂವು ಮರಗಳದ್ದು, ಮಳೆಗಾಲ ಮತ್ತು ಚಳಿಗಾಲದ ಹೂವು ಗಿಡಗಳದ್ದು. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು, ನೇರಳೆ ಅರಳುತ್ತವೆ. ನುಗ್ಗೆ ಅದಕ್ಕೂ ಮೊದಲೇ ಆರಂಭಿಸುತ್ತದೆ. ಮರ ನೆಡಲು ಜಾಗವಿದ್ದರೆ ಇವುಗಳನ್ನೇ ನೆಡಬೇಕು. ಕಿತ್ತಳೆ ಹೂವಿನ ನೀರುಕಾಯಿ ಮರವನ್ನು ಹೊಸದಾಗಿ ನೆಡುವುದು ಬೇಡ; ಅದರ ಹೂಬಟ್ಟಲಿನಲ್ಲಿ ಮುಜಂಟಿಗಳು ಸತ್ತು ಬೀಳುತ್ತವೆ.

ಗಿಡಗಳ ವಿಷಯದಲ್ಲಿ ಮೊದಲ ಮಳೆಯ ನಂತರ ತೊಗರಿ, ಸೆಣಬು, ಕುಂಬಳವನ್ನೂ, ಜುಲೈ-ಆಗಸ್ಟ್‌ನಲ್ಲಿ ಹುಚ್ಚೆಳ್ಳನ್ನೂ ಬಿತ್ತಬಹುದು. ಹುಚ್ಚೆಳ್ಳಿನ ಹಳದಿ ಹೂವಿಗೆ ಬಾರದ ಜೇನಿಲ್ಲ. ತೊಗರಿ, ಸೆಣಬಿನ ಹೂವನ್ನು ತೆರೆಯುವ ಬಲ ಬಡಗಿ ಮತ್ತು ಎಲೆಕತ್ತರಿ ಜೇನುಗಳಿಗಿದೆ. ಚಳಿಗಾಲಕ್ಕೆ ಅವರೆ ಇದ್ದೇ ಇದೆ. ಕೊತ್ತಂಬರಿ, ಸಬ್ಬಸಿಗೆಯನ್ನು ಪೂರ್ತಿ ಕೀಳದೆ ಕೆಲವನ್ನು ಹೂಬಿಡಲು ಬಿಟ್ಟರೆ ಸಣ್ಣ ನೊಣಗಳಿಗೆ ಹಬ್ಬ. ತುಳಸಿ ಮತ್ತು ಕಾಮಕಸ್ತೂರಿ ನೀರಿದ್ದರೆ ವರ್ಷವಿಡೀ ಹೂಬಿಡುತ್ತವೆ. ಹೂತೆನೆಯನ್ನು ಚಿವುಟುವ ಅಭ್ಯಾಸವಿರುವ ಮನೆಗಳಲ್ಲಿ ಒಂದೆರಡು ಗಿಡಗಳನ್ನಾದರೂ ಚಿವುಟದೆ ಬಿಡುವಂತೆ ವಿದ್ಯಾರ್ಥಿಗಳು ತಮ್ಮ ಅಜ್ಜಿಯರನ್ನು ಕೇಳಿಕೊಳ್ಳಲಿ. ಮಳೆ ಬಿದ್ದ ಮೇಲೆ ತಾನಾಗಿ ಹುಟ್ಟುವ ತುಂಬೆಯನ್ನು ಕಳೆಯೆಂದು ಕೀಳುವುದನ್ನು ನಿಲ್ಲಿಸಬೇಕು. ಶಿವನಿಗೆ ಏರಿಸುವ ಈ ಪುಟ್ಟ ಬಿಳಿ ಹೂವು ನೀಲಿ ಪಟ್ಟೆಯ ಜೇನಿಗೆ ಬಲು ಇಷ್ಟ.

ಒಂದೊಂದೇ ಗಿಡವನ್ನು ಚದುರಿಸಿ ನೆಡುವ ಬದಲು ಒಂದೇ ಬಗೆಯದನ್ನು ಗುಂಪಾಗಿ ನೆಟ್ಟರೆ ನೊಣಗಳಿಗೆ ಸುಲಭವಾಗಿ ಸಿಗುತ್ತದೆ. ಎಸಳುಗಳು ಸುತ್ತುಸುತ್ತಾಗಿ ತುಂಬಿರುವ ಅಲಂಕಾರದ ತಳಿಗಳಲ್ಲಿ ಪರಾಗವೂ ಮಕರಂದವೂ ಕೈಗೆಟುಕುವುದಿಲ್ಲ. ಒಂದೇ ಸುತ್ತಿನ ಹೂಗಳನ್ನು ಆರಿಸಬೇಕು. ನರ್ಸರಿಯಿಂದ ತಂದ ಗಿಡಗಳಲ್ಲಿ ಕೀಟನಾಶಕದ ಅಂಶ ಉಳಿದಿರಬಹುದಾದ್ದರಿಂದ ಬೀಜ ಹಾಕಿ ಸ್ವತಃ ಸಸಿ ಮಾಡಿಕೊಳ್ಳುವುದು ಉತ್ತಮ.

ನೀರು, ವಿಷ ಮತ್ತು ಸೊಳ್ಳೆ

ಬೇಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತುದಿ ನೀರಿನಿಂದ ಮೇಲಿರುವಂತೆ ನೀರಿಡಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಸುಮಾರು ಒಂದು ವಾರದಲ್ಲಿ ಬೆಳೆದು ಹಾರುವುದರಿಂದ, ಎರಡು ದಿನಕ್ಕೊಮ್ಮೆ ತಟ್ಟೆಯನ್ನು ಬೋರಲು ಹಾಕಿ ಉಜ್ಜಿ ತುಂಬುವ ಹೊಣೆಯನ್ನು ಒಬ್ಬರ ಹೆಸರಿಗೇ ಬರೆಯಬೇಕು. ಹೀಗೆ ಮಾಡಲಾಗದಿದ್ದರೆ ನೀರಿಡದಿರುವುದೇ ಸರಿ. ಆವರಣದ ನಿಂತ ನೀರನ್ನೆಲ್ಲ ಸ್ವಯಂಸೇವಕರೇ ತೆಗೆದುಬಿಟ್ಟರೆ ಹೊಗೆ ಹೊಡೆಸುವ ಅಗತ್ಯ ಕಡಿಮೆಯಾಗುತ್ತದೆ; ಹೊಡೆಯಲೇಬೇಕಾದಾಗ ಹೂಮಡಿಗಳನ್ನು ಬಿಟ್ಟು ಹೊಡೆಯುವಂತೆ ಪಾಲಿಕೆಯ ಸಿಬ್ಬಂದಿಯನ್ನು ಮುಂಚಿತವಾಗಿ ಕೋರಬೇಕು. ಬೇವಿನೆಣ್ಣೆಯನ್ನೂ ಅರಳಿದ ಹೂವಿನ ಮೇಲೆ ಸಿಂಪಡಿಸಬಾರದು. ಬಳಸುವುದಾದರೆ ಸೂರ್ಯಾಸ್ತದ ನಂತರ, ಎಲೆಗೆ ಮಾತ್ರ.

ಹೆಜ್ಜೇನು ಮತ್ತು ಸುರಕ್ಷತೆ

ಒಂಟಿ ಜೇನುಗಳು ಗೂಡನ್ನು ಕಾಯಲು ಮೇಲೆರಗುವುದಿಲ್ಲ. ಹೆಜ್ಜೇನಿನ ಮಾತು ಬೇರೆ. ಆವರಣದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಅಡಿಯಲ್ಲಿ ಯಾವ ಕಾರ್ಯಕ್ರಮವನ್ನೂ ಇಡಬಾರದು. ಹೊಗೆ, ಪಟಾಕಿ, ಡ್ರೋನ್, ಕಲ್ಲು ಯಾವುದೂ ಸಲ್ಲದು. ರಾತ್ರಿ ದೀಪದ ಬೆಳಕಿಗೆ ಅವು ಒಳಗೆ ಬರುವುದರಿಂದ ಹತ್ತಿರದ ಕೋಣೆಗಳ ಕಿಟಕಿಗೆ ಪರದೆ ಹಾಕಬೇಕು. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುವ ಜೀವಿ; ಅಪಾಯವಿಲ್ಲದ ಎತ್ತರದಲ್ಲಿದ್ದರೆ ಅದು ತಾನಾಗಿ ಎದ್ದು ಹೋಗುವವರೆಗೆ ಕಾಯಬಹುದು. ತೆಗೆಸಲೇಬೇಕಾದರೆ ತರಬೇತಿ ಪಡೆದವರಿಂದ ಮಾತ್ರ, ಸುಡದೆ, ವಿಷ ಹಾಕದೆ ತೆಗೆಸಬೇಕು.

ದಾಳಿಯಾದರೆ ಮುಖ ಮುಚ್ಚಿಕೊಂಡು ಮುಚ್ಚಿದ ಕೋಣೆಗೆ ಓಡಬೇಕು, ನೀರಿಗೆ ಹಾರಬಾರದು. ಚುಚ್ಚಿದ ಕೊಂಡಿಯನ್ನು ತಡಮಾಡದೆ ಕೆರೆದು ತೆಗೆಯಬೇಕು. ಉಸಿರಾಟದ ತೊಂದರೆ, ಮುಖ ಅಥವಾ ಗಂಟಲಿನ ಊತ, ತಲೆಸುತ್ತು ಕಂಡರೆ, ಇಲ್ಲವೇ ಹಲವು ಕಡೆ ಚುಚ್ಚಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ತಂಡಕ್ಕೆ ಸೇರುವಾಗಲೇ ಪ್ರತಿಯೊಬ್ಬರಿಂದಲೂ ಅಲರ್ಜಿಯ ವಿವರವನ್ನು ಬರೆಸಿಕೊಳ್ಳಬೇಕು.

ಗೋಡೆಗೆ ಸುಣ್ಣಬಣ್ಣ, ಗಾರೆ ಕೆಲಸ ನಡೆಯುವ ಮುನ್ನ ಮುಜಂಟಿಯ ಬಾಗಿಲುಗಳನ್ನು ಗುರುತು ಮಾಡಿ, ಅವುಗಳನ್ನು ಮುಚ್ಚದಂತೆ ಮೇಸ್ತ್ರಿಯವರಿಗೆ ತೋರಿಸಬೇಕು. ಗೋಡೆಯನ್ನೇ ಕೆಡವುವುದಾದರೆ ಕುಟುಂಬವನ್ನು ಸ್ಥಳಾಂತರಿಸಲು ಬೆಂಗಳೂರಿನ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೇನು ವಿಭಾಗದವರ ಸಲಹೆಯನ್ನು ಪಡೆಯಬೇಕು.

ಇಷ್ಟಾದ ಮೇಲೂ ಪೆಟ್ಟಿಗೆ ಬೇಕೆನಿಸಿದರೆ, 1960ರ ದಶಕದಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಮೆಲ್ಲಿಫೆರಾ ಜೇನನ್ನು ಸಣ್ಣ ತೋಟಕ್ಕೆ ತರಬಾರದು. ಸಾವಿರಾರು ನೊಣಗಳ ಕುಟುಂಬ ಅಲ್ಲಿನ ಸ್ವಲ್ಪ ಹೂವನ್ನೂ ಖಾಲಿಮಾಡುತ್ತದೆ. ದೂರದಿಂದ ತುಡುವೆ ಕುಟುಂಬ ತರಿಸುವುದೂ ರೋಗಕ್ಕೆ ದಾರಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ನಾಶಮಾಡಿದ್ದನ್ನು ಕೊಡಗು, ದಕ್ಷಿಣ ಕನ್ನಡದ ಜೇನು ಸಾಕಣೆದಾರರು ಇನ್ನೂ ಮರೆತಿಲ್ಲ.

ಕೊನೆಯ ಹಂತ: ರಜೆ ಮತ್ತು ಹಸ್ತಾಂತರ

ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಕೆಲಸ ಮಾಡುತ್ತಾರೆ. ವಾರಕ್ಕೆ ಅರ್ಧ ಗಂಟೆಯಂತೆ ಮೂವತ್ತು ವಾರಗಳ ಎಣಿಕೆಗೆ ಒಬ್ಬರಿಗೆ ಹದಿನೈದು ಗಂಟೆ ಸಾಕು. ಬಿತ್ತನೆ, ಕಡ್ಡಿ ಕಟ್ಟುವುದು, ಅಕ್ಕಪಕ್ಕದ ಮನೆಗಳಿಗೆ ತಿಳಿಸುವುದು ಸೇರಿದರೂ ಬೇರೆ ಸೇವೆಗೆ ಬಿಡುವು ಉಳಿಯುತ್ತದೆ. ಕಷ್ಟವಿರುವುದು ಪರೀಕ್ಷೆ ಮತ್ತು ರಜೆಯ ತಿಂಗಳುಗಳಲ್ಲಿ. ತೋಟಕ್ಕೆ ನೀರು ಅತ್ಯಂತ ಅಗತ್ಯವಾದ ಬಿರುಬೇಸಿಗೆಯಲ್ಲೇ ಆವರಣ ಖಾಲಿಯಾಗುವುದುಂಟು. ಇದಕ್ಕಾಗಿ ಊರಿನಲ್ಲೇ ಉಳಿಯುವ ನಾಲ್ಕು ವಿದ್ಯಾರ್ಥಿಗಳ ಹೆಸರನ್ನು ಫೆಬ್ರವರಿಯಲ್ಲೇ ಬರೆದಿಡಬೇಕು. ತುಳಸಿ, ಕಾಮಕಸ್ತೂರಿಯ ನಡುವೆ ಬಾಯಿ ಮುಚ್ಚಿದ ಮಣ್ಣಿನ ಮಡಕೆಗಳನ್ನು ಹೂತು ನೀರು ತುಂಬಿದರೆ ಕೆಲವು ದಿನ ತಡೆಯುತ್ತದೆ. ಮಾಲಿಯವರಿಗೆ ಹೆಚ್ಚುವರಿ ಕೆಲಸ ಬೀಳುವುದಾದರೆ ಅದನ್ನು ಕಾರ್ಯಕ್ರಮಾಧಿಕಾರಿಗಳ ಗಮನಕ್ಕೆ ತಂದು ಗೌರವಯುತವಾಗಿ ವ್ಯವಸ್ಥೆ ಮಾಡಬೇಕು.

ಎರಡನೆಯ ವರ್ಷದವರು ಘಟಕ ಬಿಡುವ ಮೊದಲು ಹೊಸಬರೊಡನೆ ಕನಿಷ್ಠ ನಾಲ್ಕು ವಾರ ಜೋಡಿಯಾಗಿ ಎಣಿಕೆ ಮಾಡಬೇಕು. ಗಟ್ಟಿ ರಟ್ಟಿನ ಒಂದೇ ದಾಖಲೆ ಪುಸ್ತಕದಲ್ಲಿ ನಕ್ಷೆ, ಎಣಿಕೆ, ಬಿತ್ತಿದ ದಿನ, ಹೂಬಿಟ್ಟ ದಿನ, ಕೊಳವೆ ಬದಲಿಸಿದ ದಿನ, ಮಾಲಿಯವರ ಮತ್ತು ವಾರ್ಡ್ ಕಚೇರಿಯ ದೂರವಾಣಿ ಸಂಖ್ಯೆ ಇರಲಿ. ಆ ಪುಸ್ತಕ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಕನಿಷ್ಠ ಮೂವರಿಗೆ ತಿಳಿಸಿ ಹೋಗಬೇಕು.